ಕರಡಿ ತೆಗೆದ ಬಾಗಿಲು

ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಮಂಡಿನೋವು ಬರುವುದು ಸಹಜ. ಇಚಲಕರಂಜಿಯ ನೂಲಿನ ವ್ಯಾಪಾರಿ ಭೀಮಗೊಂಡನಿಗೆ ಮಂಡಿನೋವಿನ ಬದಲು ಕ್ಯಾಂಪಿಂಗ್ ಬಂತು.

ಇದಕ್ಕೆ ಕಾರಣ ನೆರೆಮನೆಯ ಬಾಹುಬಲಿ. ಅವನ ಅಳಿಯ ದೊಡ್ಡ ಜೀಪು ಕೊಂಡು, ಬಂಡೆಗಳ ಮೇಲೆ ಹತ್ತಿಸಿ, ಹಳ್ಳದೊಳಗೆ ಇಳಿಸಿ, ರಾತ್ರಿ ಡೇರೆ ಹಾಕಿ ಬೆಂಕಿ ಕಾಯಿಸುವ ವಿಡಿಯೋ ಕಳಿಸುತ್ತಿದ್ದ. ಬಾಹುಬಲಿ ಅದನ್ನು ದಿನಾ ಮುಂಜಾನೆ ಬಸದಿಯ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ತೋರಿಸುತ್ತಿದ್ದ. ದೇವರ ದರ್ಶನಕ್ಕಿಂತ ಅಳಿಯನ ದರ್ಶನಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಒಂದು ದಿನ ಭೀಮಗೊಂಡನಿಗೆ ತಡೆಯಲಾಗಲಿಲ್ಲ. "ಅದರಾಗ ಏನೈತಿ? ನಾನೂ ಹೊಂಟೇನಿ ಆಫ್‌ರೋಡ್," ಅಂದ.

"ಯಾವ ಗಾಡಿ ಮ್ಯಾಲ?" ಬಾಹುಬಲಿ ಕೇಳಿದ.

ಭೀಮಗೊಂಡನ ಬಳಿ ಇದ್ದದ್ದು ಒಂದು ಸ್ಕೂಟರ್. ಅದು ಅಂಗಡಿಗೆ ಹೋಗುತ್ತಿತ್ತು, ಮನಸ್ಸಾದರೆ ವಾಪಸ್ಸೂ ಬರುತ್ತಿತ್ತು. ಉತ್ತರ ಹುಡುಕುತ್ತ ಅವನು ರಸ್ತೆಯ ಕಡೆ ನೋಡಿದ. ಸರಿಯಾಗಿ ಆಗಲೇ ಹಣಮಪ್ಪನ ಪಿಕಪ್ ಮಗ್ಗದ ನೂಲು ಸುತ್ತಿದ ಉರುಳೆಗಳನ್ನು, ಅಂದರೆ ಬೀಮುಗಳನ್ನು, ಹೇರಿಕೊಂಡು ಹೋಗುತ್ತಿತ್ತು.

"ಅದರ ಮ್ಯಾಲ," ಅಂದುಬಿಟ್ಟ.

"ಹಂಗಾದ್ರ ನಾನೂ ಬರ್ತೇನಿ," ಅಂದ ಬಾಹುಬಲಿ. ಸ್ನೇಹಿತನ ಸಾಹಸ ನೋಡಬೇಕೆಂದಲ್ಲ. ಅದು ಎಲ್ಲಿ ಕೆಟ್ಟು ನಿಲ್ಲುತ್ತದೆಂದು ಕಣ್ಣಾರೆ ನೋಡಬೇಕಿತ್ತು.

ಹಣಮಪ್ಪ ಅಥಣಿ ಕಡೆಯವನು. ಮಗ್ಗದ ಕೆಲಸಕ್ಕೆಂದು ಬಂದು, ದುಡಿದು, ಹಳೆಯ ಪಿಕಪ್ ಕೊಂಡು, ಗಂಜಿ ಹಾಕಿದ ನೂಲಿನ ಬೀಮುಗಳನ್ನು ಮಗ್ಗದ ಮನೆಗಳಿಗೆ ಮುಟ್ಟಿಸುತ್ತಿದ್ದ. ಬಸದಿಯ ಕೆಲಸವೂ ಅವನದೇ. ಅಭಿಷೇಕದ ಹಾಲಿನ ಕ್ಯಾನು, ಹೂವು, ಪೂಜೆಯ ಪಾತ್ರೆಗಳನ್ನು ಸಮಿತಿಯವರು ಬೇರೆ ಯಾರ ಗಾಡಿಯಲ್ಲೂ ತರಿಸುತ್ತಿರಲಿಲ್ಲ. ಹಣಮಪ್ಪ ಗಾಡಿ ತೊಳೆದು, ತಾನೂ ಜಳಕ ಮಾಡಿ, ಒಗೆದ ಅಂಗಿ ತೊಟ್ಟು ಬರುತ್ತಿದ್ದ. ಡ್ರೈವರ್ ಕಡೆಯ ಬಾಗಿಲಿನ ಮೇಲೆ ತನ್ನ ಮಕ್ಕಳ ಹೆಸರು ಬರೆಸಿದ್ದ: ಈ ಕಡೆ ರೋಹನ, ಆ ಕಡೆ ಶೀತಲ, ನಡುವೆ ಒಂದು ಹಸಿರು ಗಿಳಿ.

ಕೀಲಿ ಕೊಡುವಾಗ ಹಣಮಪ್ಪ, ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ನಿಂತಿದ್ದ.

"ಸಾವಕಾರ್ರ, ಎರಡನೇ ಗೇರ್ ಒಮ್ಮೊಮ್ಮೆ ಸಿಟ್ಟಿಗೇಳತೈತಿ. ಬೈಬ್ಯಾಡ್ರಿ, ಸಮಾಧಾನ ಮಾಡಿ ಹಾಕ್ರಿ. ಹ್ಯಾಂಡ್‌ಬ್ರೇಕ್ ಅಂತೂ ನಂಬಬ್ಯಾಡ್ರಿ. ಎಲ್ಲಿ ನಿಲ್ಲಿಸಿದ್ರೂ ಗಾಲಿಗೆ ಕಲ್ಲ ಕೊಡ್ರಿ. ನಾನ ಬರ್ಲ್ಯಾ ಜೋಡಿ?"

"ಡ್ರೈವರ್‌ನ ಕರಕೊಂಡ ಹೋದ್ರ ಅದು ಯಾತ್ರಾ ಆಗತೈತಿ ಹಣಮಪ್ಪ. ಆಫ್‌ರೋಡ್ ಅಂದ್ರ ತಾನ ಹೊಡೀಬೇಕು."

ಇಲ್ಲಿ ಒಂದು ಗುಟ್ಟು ಹೇಳದಿದ್ದರೆ ಮುಂದಿನ ಕಥೆ ನಡೆಯುವುದಿಲ್ಲ. ಜೈನರ ಮನೆಗಳಲ್ಲಿ ಮದ್ಯ, ಮಾಂಸ, ಮಧು ಈ ಮೂರೂ ವರ್ಜ್ಯ. ಮಧುವೆಂದರೆ ಜೇನು, ಒಂದು ಹನಿ ಜೇನಿನಲ್ಲಿ ಎಷ್ಟೋ ಜೀವಗಳ ಹಿಂಸೆ ಇದೆಯೆಂದು ಮಕ್ಕಳಿಗೂ ಗೊತ್ತು. ಮೊದಲೆರಡರ ವಿಷಯದಲ್ಲಿ ಭೀಮಗೊಂಡ ಹಾಲಿನಂಥವನು. ಮೂರನೆಯದು ಮಾತ್ರ ಕೆಮ್ಮಿನ ನೆಪದಲ್ಲಿ ಒಳಗೆ ಬಂದಿತ್ತು. ಹತ್ತಿಯ ದೂಳಿಗೆ ಕೆಮ್ಮು ಹತ್ತಿದಾಗ ಕೊಲ್ಹಾಪುರದ ವೈದ್ಯರೊಬ್ಬರು ಪುಡಿ ಕೊಟ್ಟು, ಜೇನಿನಲ್ಲಿ ಕಲಸಿ ನೆಕ್ಕಲು ಹೇಳಿದ್ದರು. ಪುಡಿ ಮುಗಿಯಿತು, ಕೆಮ್ಮು ಮುಗಿಯಿತು, ಜೇನು ಮುಗಿಯಲಿಲ್ಲ. ಅಂದಿನಿಂದ ಕಪಾಟಿನ ಮೇಲಿನ ಖಣದಲ್ಲಿ, ಹಳೆಯ ಕೋಟಿನ ಹಿಂದೆ, ಒಂದು ಸ್ಟೀಲಿನ ಡಬ್ಬಿ ಸಂಸಾರ ಹೂಡಿತ್ತು. ದಿನಾ ಮುಂಜಾನೆ ಒಂದು ಬೆರಳು. ಹೆಂಡತಿ ರತ್ನಮಾಲಾಗೆ ಇದು ಗೊತ್ತಿಲ್ಲವೆಂದು ಭೀಮಗೊಂಡ ನಂಬಿದ್ದ. ಗಂಡಸರು ನಂಬುವ ಸಂಗತಿಗಳಲ್ಲಿ ಇದೂ ಒಂದು.

ಗುಡ್ಡದ ಚಳಿಗೆ ಕೆಮ್ಮು ಬಂದರೆ ಎಂದು ಡಬ್ಬಿಯನ್ನೂ ಒಯ್ದ. ಡೇರೆಯಲ್ಲಿ ಬಾಹುಬಲಿ ಇರುತ್ತಾನೆ, ಅವನ ಮೂಗು ಅವನ ನಾಲಿಗೆಯಷ್ಟೇ ಚುರುಕು. ಆದ್ದರಿಂದ ಡಬ್ಬಿಯನ್ನು ಅರಿವೆಯಲ್ಲಿ ಸುತ್ತಿ ಡ್ರೈವರ್ ಸೀಟಿನ ಕೆಳಗೆ ತುರುಕಿದ.

ಗಡಹಿಂಗ್ಲಜದವರೆಗೂ ಡಾಂಬರು ರಸ್ತೆ, ಆದ್ದರಿಂದ ಸಾಹಸವೇನೂ ನಡೆಯಲಿಲ್ಲ. ಅಲ್ಲಿಂದ ಆಜರಾ ಕಡೆಯ ಗುಡ್ಡಕ್ಕೆ ಕೆಂಪು ಮಣ್ಣಿನ ದಾರಿ ಹಿಡಿದ ಕೂಡಲೇ ಎರಡನೇ ಗೇರು ಸಿಟ್ಟಿಗೆದ್ದಿತು. ಆಡು ಹೊಡೆದುಕೊಂಡು ಹೊರಟಿದ್ದ ಮುದುಕಿಯೊಬ್ಬಳು ಅವರನ್ನು ದಾಟಿ ಮುಂದೆ ಹೋದಳು. ಆಡು ಮೇಯಿಸಿಕೊಂಡು ತಿರುಗಿ ಬರುವಾಗಲೂ ಪಿಕಪ್ ಅದೇ ಏರಿನಲ್ಲಿ ಏದುಸಿರು ಬಿಡುತ್ತಿತ್ತು.

"ಕಾಯ ಹೋ, ಗಾಡಿ ಕೆಟ್ಟೈತೇನ?" ಮುದುಕಿ ಕೇಳಿದಳು.

"ಇಲ್ಲ ಆಯಿ. ಆಫ್‌ರೋಡ್ ಹೊಂಟೇವಿ. ಮ್ಯಾಲ ಡೇರೆ ಹಾಕೂದೈತಿ."

"ಮನ್ಯಾಗ ಜಗಳ ಮಾಡಿ ಬಂದೀರೇನ?" ಅಂದಳು ಮುದುಕಿ. "ಮ್ಯಾಲ ಕರಡಿ ಅದಾವು. ಇಳಿಯಾಕ ಆಗದಿದ್ರ ಸಂಜಿಮುಂದ ದೊಡ್ಡ ಬೆಂಕಿ ಹಾಕ್ಕೊಂಡ ಕುಂಡ್ರರಿ."

ಬೆಂಕಿಯ ಏರ್ಪಾಡು ಚೆನ್ನಾಗಿಯೇ ಇತ್ತು. ಅಳಿಯನ ವಿಡಿಯೋದಲ್ಲಿ ಇದ್ದಂತೆಯೇ ಬಾಹುಬಲಿ ಕಟ್ಟಿಗೆಯನ್ನು ಗೋಪುರದ ಹಾಗೆ ಒಟ್ಟಿದ. ಸೂರ್ಯ ಮುಳುಗುವ ಮುಂಚೆ ಇಬ್ಬರೂ ನಿಯಮದಂತೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದು ಕೈ ತೊಳೆದರು. ಕತ್ತಲಾಗುತ್ತ ಭೀಮಗೊಂಡ ಕಡ್ಡಿ ಗೀರಿದ. ಎಲ್ಲಿಂದಲೋ ಒಂದು ಹುಳ ಹಾರಿ ಬಂದು ಕಡ್ಡಿಯ ಸುತ್ತ ಒಂದು ಸುತ್ತು ಹಾಕಿತು. ಇಬ್ಬರೂ ಅದನ್ನು ನೋಡಿದರು.

"ಜೀವ ಐತಿ," ಅಂದ ಬಾಹುಬಲಿ.

"ಹೌದು. ಒಂದ ಬಂತಂದ್ರ ಸಾವಿರ ಬರ್ತಾವು."

ಕಡ್ಡಿ ಆರಿಸಿದರು. ಆಮೇಲೆ ಹಚ್ಚದ ಬೆಂಕಿಯ ಎರಡೂ ಬದಿಗೆ ಇಬ್ಬರೂ ಕುಳಿತು, ಅದಕ್ಕೆ ಕೈ ಚಾಚಿ, ಸ್ವಲ್ಪ ಹೊತ್ತು ಚಳಿ ಕಾಯಿಸಿಕೊಂಡರು. ಊಟ ಮುಗಿದಿತ್ತು, ಮಾತು ಮುಗಿದಿತ್ತು, ಫೋನಿಗೆ ರೇಂಜ್ ಇರಲಿಲ್ಲ. ಇಚಲಕರಂಜಿಯಲ್ಲಿ ಜನ ಇನ್ನೂ ಒಲೆಯ ಮೇಲೆ ಕುಕ್ಕರ್ ಇಡುವ ಹೊತ್ತಿಗೆ ಈ ಸಾಹಸಿಗಳು ಕೌದಿ ಹೊದ್ದು ಮಲಗಿದ್ದರು.

ಕಣ್ಣು ಹತ್ತುವಷ್ಟರಲ್ಲಿ ಹೊರಗೆ ಯಾರೋ ತಗಡು ಕೀಳುವ ಸದ್ದಾಯಿತು.

"ಹಣಮಪ್ಪ ಬಂದಾನೇನ ನೋಡು," ಬಾಹುಬಲಿ ಪಿಸುಗುಟ್ಟಿದ. "ಗಾಡಿ ಚಿಂತಿ ಹತ್ತಿರಬೇಕ ಅವಗ."

ಡೇರೆಯ ಸಂದಿಯಿಂದ ಬ್ಯಾಟರಿ ಬಿಟ್ಟು ನೋಡಿದರೆ, ಡ್ರೈವರ್ ಬಾಗಿಲು ಕಿತ್ತು ಒಂದೇ ತಿರುಗಣಿಯ ಮೇಲೆ ಜೋಲುತ್ತಿತ್ತು. ಒಳಗೆ ಸ್ಟೇರಿಂಗಿನ ಮುಂದೆ ಒಂದು ಕರಡಿ ಕುಳಿತಿತ್ತು. ಸೀಟು ಹರಿದು, ಕೈ ಕೆಳಗೆ ಹಾಕಿ ಏನನ್ನೋ ಹುಡುಕುತ್ತ, ಪರವಾನಗಿ ಪರೀಕ್ಷೆಗೆ ಬಂದವರ ಹಾಗೆ ಗಂಭೀರವಾಗಿತ್ತು. ಅದು ಮೈ ಕೊಡವಿದ ರಭಸಕ್ಕೆ ಪಿಕಪ್ ಮೆಲ್ಲಗೆ ಹಿಂದಕ್ಕೆ ಹೊರಟಿತು. ಗಾಲಿಗೆ ಕಲ್ಲು ಕೊಡುವುದನ್ನು ಭೀಮಗೊಂಡ ಮರೆತಿದ್ದ. ಕರಡಿಯನ್ನು ಹೊತ್ತ ಗಾಡಿ ಪೊದೆ ದಾಟಿ, ಬಂಡೆ ಹತ್ತಿ ಇಳಿದು, ಕೊರಕಲಿನಲ್ಲಿ ಒಂದು ಮರಕ್ಕೆ ಒರಗಿ ನಿಂತಿತು. ಆ ಪ್ರವಾಸದಲ್ಲಿ ನಿಜವಾದ ಆಫ್‌ರೋಡ್ ಮಾಡಿದ್ದು ಕರಡಿ ಒಂದೇ. ಅದು ಇಳಿದು, ಇನ್ನು ಇಂಥ ಗಾಡಿ ಹತ್ತುವುದಿಲ್ಲ ಎನ್ನುವ ಹಾಗೆ ಒಮ್ಮೆ ನೋಡಿ, ಕತ್ತಲೆಗೆ ನಡೆದುಹೋಯಿತು.

ಬೆಳಕು ಹರಿದ ಮೇಲೆ, ಆಡು ಹೊಡೆದುಕೊಂಡು ಬಂದ ಮುದುಕಿ ಗಾಡಿ ಕಂಡು ಹೇಳಿಕಳಿಸಿದ ಫಾರೆಸ್ಟ್ ಗಾರ್ಡ್ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

"ಮನುಷ್ಯಾಗ ಪರಚಿದ್ರ ಏನ್ ಮಾಡಬೇಕಂತ ನನಗ ಗೊತ್ತೈತ್ರಿ. ಗಾಡಿಗೆ ಪರಚಿದ್ರ ಸಾಹೇಬ್ರನ್ನ ಕೇಳಬೇಕು. ಒಳಗ ತಿನ್ನೂದ ಏನ ಇತ್ತು?"

"ಏನೂ ಇಲ್ಲ," ಅಂದ ಭೀಮಗೊಂಡ.

ಅಷ್ಟರಲ್ಲಿ ಬಾಹುಬಲಿ ಪೊದೆಯಿಂದ ಹರಿದ ಅರಿವೆಯ ಸಮೇತ ಒಂದು ಡಬ್ಬಿ ಎತ್ತಿ ತಂದ. ಚಪ್ಪಟೆಯಾಗಿತ್ತು, ಒಳಗೆ ನೆಕ್ಕಿ ಕನ್ನಡಿಯಾಗಿತ್ತು, ಮುಚ್ಚಳದ ಅಂಚಿನಲ್ಲಿ ಮಾತ್ರ ಸ್ವಲ್ಪ ಉಳಿದಿತ್ತು. ಮೂಸಿದ. ಅವನ ಮುಖ ಬಸದಿಯ ಮೆಟ್ಟಿಲ ಮೇಲೆ ಮೀನು ಕಂಡವನ ಹಾಗಾಯಿತು.

"ಭೀಮಗೊಂಡ, ಇದು ಜೇನ ಐತಲ್ಲೋ! ಯಾರದಿದು?"

ಒಳ್ಳೆಯ ಮನುಷ್ಯನನ್ನೂ ಕೆಡಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಭೀಮಗೊಂಡನಿಗೆ ಬಸದಿಯ ಕಟ್ಟೆ ಕಂಡಿತು, ಹೆಂಡತಿಯ ಮುಖ ಕಂಡಿತು, ಆಮೇಲೆ ತಾನಾಗಿಯೇ ಬಾಯಿ ತೆರೆಯಿತು.

"ಹಣಮಪ್ಪಂದ ಇರಬೇಕು. ಗಾಡಿ ಅವಂದ ಅಲ್ಲೇನ?"

ಗಾಡಿಯನ್ನು ಎಳೆದುಕೊಂಡು ಬಂದು ಕೊಲ್ಹಾಪುರದ ಹತ್ತಿರ ಶಿರೋಳಿಯಲ್ಲಿ ಅಣ್ಣಾಸಾಹೇಬನ ಗ್ಯಾರೇಜಿಗೆ ಹಾಕಿದರು. ಅಣ್ಣಾಸಾಹೇಬ ಎಲ್ಲ ತರದ ಅಪಘಾತ ಕಂಡವನು. ಆದರೂ ಬಾಗಿಲಿನ ಮುಂದೆ ಕೈಕಟ್ಟಿ ನಿಂತ.

"ನಾದಖುಳಾ!" ಅಂದ. ಕೊಲ್ಹಾಪುರದವರು ಇದಕ್ಕಿಂತ ದೊಡ್ಡ ಮೆಚ್ಚುಗೆಯ ಮಾತು ಯಾರಿಗೂ ಹೇಳುವುದಿಲ್ಲ. "ಬಾಗಲಾ ಹೊಸಾದ ಹಾಕೂಣು, ಸೀಟ ಹೊಲಿಸೂಣು, ವೈರಿಂಗ್ ಎಲ್ಲಾ ಹೊಸಾದು, ಹಿಂದಿನ ತಗಡ ಬಡದ ನೆಟ್ಟಗ ಮಾಡೂಣು. ಆದ್ರ ಈ ಹಳೇ ಬಾಗಲಾ ನನಗ ಬಿಟ್ಟ ಬಿಡ್ರಿ, ಮಾಲಕ್. ಇಂಥಾ ಕೆಲಸಾ ಯಾವ ಯಂತ್ರದಾಗೂ ಆಗೂದಿಲ್ಲ."

ಅವನು ಅದನ್ನು ಗ್ಯಾರೇಜಿನ ಗೋಡೆಗೆ ತೂಗುಹಾಕಿದ. ಪಕ್ಕದ ಫೌಂಡ್ರಿಯ ಹುಡುಗರು ಊಟದ ಬಿಡುವಿನಲ್ಲಿ ಬಂದು ಅದರ ಜೊತೆ ಫೋಟೋ ತೆಗೆಸಿಕೊಂಡರು.

ಹಣಮಪ್ಪ ಬಸ್ಸು ಹಿಡಿದು ಬಂದಾಗ ಮೊದಲು ಕಂಡದ್ದು ಆ ಬಾಗಿಲು. ಕರಡಿಯ ಉಗುರು ರೋಹನನಿಂದ ಹೊರಟು, ಗಿಳಿಯನ್ನು ಸೀಳಿ, ಶೀತಲಳವರೆಗೂ ಹೋಗಿತ್ತು. ಅವನು ಆ ಗೀರುಗಳ ಮೇಲೆ ಕೈ ಆಡಿಸಿದ.

"ನಿಮಗೇನ ಆಗಿಲ್ಲಲ್ರಿ, ಸಾವಕಾರ್ರ?" ಅಂದ.

ಅವನು ಬೈದಿದ್ದರೆ ಭೀಮಗೊಂಡ ಬದುಕಿಕೊಳ್ಳುತ್ತಿದ್ದ.

"ಏನಿಲ್ಲೋ. ರಿಪೇರಿ ಎಲ್ಲಾ ನಂದ," ಅಂದ, ನೆಲ ನೋಡುತ್ತ.

ಆದರೆ ಬಾಹುಬಲಿಯ ನಾಲಿಗೆಗೆ ಗ್ಯಾರೇಜಿನ ಅಗತ್ಯ ಬೀಳಲಿಲ್ಲ, ಅದು ಆ ದಿನವೇ ಹಣಮಪ್ಪನ ಜೇನಿನ ಸುದ್ದಿ ಹೊತ್ತು ಓಡಾಡುತ್ತಿತ್ತು. ಬಸದಿಯಲ್ಲಿ ಪಂಚಕಲ್ಯಾಣ ಪೂಜೆ ಹತ್ತಿರ ಬಂದಿತ್ತು. ಸಮಿತಿಯ ಹಿರಿಯ ಜಿನಗೊಂಡ ಅಣ್ಣಾರು ಸಭೆ ಕರೆದರು.

"ಹಣಮಪ್ಪ ಒಳ್ಳೇವ. ಅವ ಏನ್ ತಿಂದ್ರೂ ಅವನ ಧರ್ಮ. ಆದ್ರ ಅಭಿಷೇಕದ ಹಾಲ ಅದ ಗಾಡ್ಯಾಗ ತರ್ತೇವಿ. ಅದರಾಗ ಜೇನ ಇಟ್ಟ ನಮಗ ಹೇಳಲಿಲ್ಲ ನೋಡ್ರಿ, ಅದು ತಪ್ಪು."

ಡಬ್ಬಿ ತನ್ನದಲ್ಲವೆಂದ ಹಣಮಪ್ಪನ ಮಾತನ್ನು ಯಾರೂ ನಂಬಲಿಲ್ಲ. ಸಮಿತಿ ಹಾಲಿನ ಕೆಲಸ ಬೇರೆಯವನಿಗೆ ಕೊಟ್ಟಿತು. ನೂಲಿಗೆ ಗಂಜಿ ಹಾಕುವ ಓಣಿಯ ಸೈಜಿಂಗ್ ಮಾಲೀಕರು ಸಮಿತಿಯವರೇ. ನೂಲಿಗೆ ಜೇನಿನ ದೋಷ ಹತ್ತುತ್ತದೆಯೋ ಇಲ್ಲವೋ ಯಾರಿಗೂ ಖಚಿತವಿರಲಿಲ್ಲ, ಆದ್ದರಿಂದ ಬೀಮುಗಳನ್ನೂ ಬೇರೆ ಗಾಡಿಗೆ ಹೇರಿಸಿದರು. ಹೊಸ ಬಾಗಿಲಿನ ಪಿಕಪ್ ಗ್ಯಾರೇಜಿನಿಂದ ಬಂದು ಹಣಮಪ್ಪನ ಮನೆಯ ಮುಂದೆ ನಿಂತಿತು. ನಿಂತೇ ಇತ್ತು. ಅದರ ಬಾನೆಟ್ಟಿನ ಮೇಲೆ ಓಣಿಯ ಬೆಕ್ಕು ಮಲಗಲು ರೂಢಿ ಮಾಡಿಕೊಂಡಿತು.

ಹಣಮಪ್ಪನ ಹೆಂಡತಿ ಚೆನ್ನವ್ವ ರತ್ನಮಾಲಾಳ ಬಳಿಗೆ ಬಂದಳು. ಭೀಮಗೊಂಡ ಒಳಗಿನ ಖೋಲಿಯಲ್ಲಿ ಪೇಪರಿನ ಹಿಂದೆ ಕುಳಿತಿದ್ದ.

"ಅಕ್ಕಾರ, ನಮ್ಮ ಮನ್ಯಾಗ ಜೇನ ತಿಂದ್ರ ಪಾಪ ಇಲ್ರಿ," ಚೆನ್ನವ್ವ ಹೇಳುತ್ತಿದ್ದಳು. "ಇವ್ರು ತಿಂದಿದ್ರ ರೊಟ್ಟಿಗೆ ಸವರಿಕೊಂಡು ಕಟ್ಟಿ ಮ್ಯಾಲ ಕುಂತ ತಿಂತಿದ್ರು. ಪಾಪ ಇಲ್ಲದವ ಸೀಟಿನ ಬುಡಕ ಅರಿವ್ಯಾಗ ಸುತ್ತಿ ಯಾಕ ಇಡ್ತಾನ್ರಿ? ಪಾಪ ಇದ್ದವ ಇಡಬೇಕು."

ರತ್ನಮಾಲಾ ಒಳಗಿನ ಖೋಲಿಯತ್ತ ನೋಡಿದಳು. ಅಲ್ಲಿ ಪೇಪರು ಇನ್ನಷ್ಟು ಮೇಲೇರಿತು.

"ಮಕ್ಕಳ ಸಾಲ್ಯಾಗೂ ಕೇಳಾಕತ್ತಾರ್ರಿ, ನಿಮ್ಮಪ್ಪ ಕರಡಿಗೆ ಊಟ ಹಾಕತಾನೇನ ಅಂತ," ಎಂದು ಚೆನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಂದು ಸಂಜೆ ಭೀಮಗೊಂಡ ಬಾಹುಬಲಿಯ ಮನೆಗೆ ಹೋದ.

"ಬಾಹುಬಲಿ, ಆ ಡಬ್ಬಿ ನಂದು."

ಬಾಹುಬಲಿ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. "ನಿನ್ನ ನಾ ಇಷ್ಟ ದಿನ ಬರೇ ನೂಲ ಮಾರಾಂವ ಅಂತ ತಿಳಕೊಂಡಿದ್ನಿ. ಬಡವ ಉಪವಾಸ ಬೀಳ್ತಾನ ಅಂತ ಅವನ ಪಾಪ ನಿನ್ನ ತಲಿ ಮ್ಯಾಲ ಹಾಕ್ಕೋತೀ?"

"ಹಂಗಲ್ಲೋ. ಖರೇನ ನಂದು. ಕೆಮ್ಮಿಗೆ ಅಂತ..."

"ಸಾಕು. ನೀ ಇನ್ನ ಹೇಳಿದಿ ಅಂದ್ರ ನಾ ಅಳ್ತೇನಿ."

ಮರುದಿನ ಜಿನಗೊಂಡ ಅಣ್ಣಾರ ಮುಂದೆ ಕೈಮುಗಿದು ನಿಂತ. ಅಷ್ಟರಲ್ಲಿ ಬಾಹುಬಲಿ ಅಲ್ಲಿಗೂ ಮುಟ್ಟಿದ್ದ.

"ಗೊತ್ತಾತು ಬಾ," ಅಂದರು ಅಣ್ಣಾರು. "ಗಾಡಿ ರಿಪೇರಿ ಮಾಡಿಸಿದಿ. ಈಗ ಅಪರಾಧಾನೂ ಹೊರಾಕ ಬಂದಿ. ನಮ್ಮ ಕಾಲದಾಗ ಇಂಥಾ ಕ್ಷಮಾ ಪುರಾಣದಾಗ ಕೇಳ್ತಿದ್ದೆವು."

"ಅಣ್ಣಾರ, ನಾ ಜೇನ ತಿಂದೇನ್ರಿ. ದಿನಾ ತಿಂದೇನಿ."

"ಕೇಳ್ರೋ," ಎಂದು ಅಣ್ಣಾರು ಅಲ್ಲಿದ್ದವರಿಗೆ ಹೇಳಿದರು. "ಸುಳ್ಳ ಹೇಳೂದೂ ಬರೂದಿಲ್ಲ ಪಾಪ. ದಿನಾ ಅಂತ!"

ಮನುಷ್ಯ ತಾನು ಒಳ್ಳೆಯವನೆಂದು ಸಾಧಿಸುವುದು ಕಷ್ಟವೆನ್ನುತ್ತಾರೆ. ಅದನ್ನು ಹೇಳಿದವರು ಕೆಟ್ಟವನೆಂದು ಸಾಧಿಸಲು ಹೊರಟು ನೋಡಿಲ್ಲ. ಭೀಮಗೊಂಡ ಹೇಳಿದಷ್ಟೂ ಎತ್ತರಕ್ಕೆ ಹೋದ, ಅವನು ಎತ್ತರಕ್ಕೆ ಹೋದಷ್ಟೂ ಹಣಮಪ್ಪ ಕೆಳಗಿಳಿದ. ಇಂಥ ಸಾವಕಾರನಿಗೆ ಹೀಗೆ ಮಾಡಿದನಲ್ಲ ಎಂದು ಜನ ಅವನ ಓಣಿಯಲ್ಲಿ ಹಾಯುವುದನ್ನೂ ಬಿಟ್ಟರು. ಕೊನೆಗೆ ಪೂಜೆಯ ಮೊದಲ ದಿನ ಭೀಮಗೊಂಡನಿಗೆ ಸತ್ಕಾರವೆಂದು ನಿಶ್ಚಯವಾಯಿತು.

ಬಸದಿಯ ಮಂಟಪ ತುಂಬಿತ್ತು. ಜಿನಗೊಂಡ ಅಣ್ಣಾರು ಶಾಲು ಹೊದಿಸಿದರು, ತಲೆಗೆ ಪಟಗಾ ಸುತ್ತಿದರು, ಕೈಗೆ ಕಾಯಿ ಕೊಟ್ಟರು. ಭೀಮಗೊಂಡ ಹೊರಗೆ ನೋಡಿದ. ಗೇಟಿನ ಆಚೆ ಹಣಮಪ್ಪ ತನ್ನ ಪಿಕಪ್ಪಿನ ಫೂಟ್‌ಬೋರ್ಡಿನ ಮೇಲೆ ಕುಳಿತಿದ್ದ. ಯಾರೂ ಕರೆದಿರಲಿಲ್ಲ. ಗಾಡಿ ತೊಳೆದಿದ್ದ, ಒಗೆದ ಅಂಗಿ ತೊಟ್ಟಿದ್ದ. ಯಾರಾದರೂ ಕರೆದರೆ ಎಂದು ಬಂದಿದ್ದ.

ಭೀಮಗೊಂಡ ಮೈಕು ಹಿಡಿದ. "ಡಬ್ಬಿ ನಂದು. ಜೇನ ನಂದು. ಹಣಮಪ್ಪಗ ಏನೂ ಗೊತ್ತಿಲ್ಲ. ನಾ ಸುಳ್ಳ ಹೇಳೇನಿ," ಅಂದ.

ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಬಾಹುಬಲಿ ವಚನ ಕೊಟ್ಟಂತೆ ಅಳುತ್ತಿದ್ದ.

ಆಗ ಹೆಂಗಸರ ಕಡೆಯಿಂದ ರತ್ನಮಾಲಾ ಎದ್ದು ನಿಂತಳು. ಮದುವೆಯಾಗಿ ಬಂದ ಮೇಲೆ ಅವಳು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಚಪ್ಪಾಳೆ ತಾನಾಗಿ ನಿಂತಿತು.

"ನಾ ಒಂದ ಮಾತ ಹೇಳ್ತೇನ್ರಿ. ನಮ್ಮ ಮನ್ಯಾಗ ಇವರ ಕಪಾಟಿಗೆ ಇರುವಿ ಬರ್ತಾವು. ನನ್ನ ಕಪಾಟಿಗೆ ಬರೂದಿಲ್ಲ. ಇವರ ಕಪಾಟಿಗೆ, ಮ್ಯಾಲಿನ ಖಣಕ್ಕ, ಹಳೇ ಕೋಟಿನ ಹಿಂದ ಸಾಲ ಹಚ್ಚಿ ಹೊಂಟಿರ್ತಾವು. ದಿನಾ ಮುಂಜಾನೆ ಮೆತ್ತನ ಕಸಬರಗಿ ತಗೊಂಡು, ಒಂದೂ ಸಾಯದಂಗ, ನಾ ಅವನ್ನ ಹೊರಗ ಹಾಕ್ತೇನಿ. ಭಾಳ ವರ್ಷ ಆತು. ಹಣಮಪ್ಪನ ಗಾಡ್ಯಾಗ ನಾವೆಲ್ಲಾ ಎಷ್ಟ ಸಲ ಕುಂತೇವಿ. ಒಂದ ಇರುವಿ ಕಂಡೀರೇನ?"

ಮನುಷ್ಯ ಸುಳ್ಳು ಹೇಳಬಹುದು, ಆದರೆ ಇರುವೆಗೆ ಅದರಿಂದ ಲಾಭವಿಲ್ಲವೆಂದು ವ್ಯಾಪಾರಸ್ಥರಿಗೆ ಬೇರೆಯವರು ತಿಳಿಸಬೇಕಾಗಿರಲಿಲ್ಲ. ರತ್ನಮಾಲಾ ಸೆರಗು ಸರಿಪಡಿಸಿಕೊಂಡು ಕುಳಿತಳು. ಅವಳ ಅಕ್ಕಪಕ್ಕದ ಹೆಂಗಸರು ತುಸು ಸರಿದು ಕುಳಿತರು. ಅದು ಭೀಮಗೊಂಡನಿಗೆ ಕಂಡಿತು.

ಜಿನಗೊಂಡ ಅಣ್ಣಾರು ಶಾಲಿನ ಕಡೆಗೆ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡರು. ಹೊದಿಸುವ ಪದ್ಧತಿ ಗೊತ್ತಿತ್ತು. ತೆಗೆಯುವ ಪದ್ಧತಿ ಬಸದಿಯಲ್ಲಿ ಇರಲಿಲ್ಲ. ಆಮೇಲೆ ಗೇಟಿನತ್ತ ನಡೆದರು.

"ಹಣಮಪ್ಪ, ನಾಳಿಂದ ಹಾಲಿನ ಕ್ಯಾನ್ ತರಬೇಕ ನೋಡಪಾ. ಮುಂಜಾನೆ ಲಗೂ ಬಾ," ಅಂದರು, ನಿನ್ನೆ ಬಿಟ್ಟ ಮಾತನ್ನು ಇಂದು ಮುಂದುವರಿಸಿದ ಹಾಗೆ.

"ಹೌದ್ರಿ," ಅಂದ ಹಣಮಪ್ಪ.

ತಪ್ಪಾಯಿತೆಂದು ಅವನಿಗೆ ಯಾರೂ ಹೇಳಲಿಲ್ಲ. ಆ ಮಾತು ಸಮಿತಿಯ ಬಾಯಿಂದ ಬರಬೇಕಾದರೆ ಠರಾವು ಬೇಕಾಗುತ್ತದೆ.

ಭೀಮಗೊಂಡ ಮಾತ್ರ ಹೇಳಲು ಹೋದ. ಹೊಸ ಬಾಗಿಲಿನ ಮೇಲೆ ಮಕ್ಕಳ ಹೆಸರನ್ನು ಅವನೇ ಮತ್ತೆ ಬರೆಸಿಕೊಟ್ಟಿದ್ದ. ಪೇಂಟರ್ ಗಿಳಿ ಬರೆಯಲು ಹೋಗಿ ಹಸಿರು ಕಾಗೆ ಬರೆದಿದ್ದ. ಹಣಮಪ್ಪ ಗಾಜು ಒರೆಸುತ್ತಿದ್ದ.

"ಹಣಮಪ್ಪ, ನಂದ ಭಾಳ ತಪ್ಪಾತು."

"ಇರ್ಲಿ ಬಿಡ್ರಿ." ಅರಿವೆ ಕೊಡವಿದ. "ಸಾವಕಾರ್ರ, ನೀವು ಅವತ್ತ ನನಗ ಒಂದ ಮಾತ ಹೇಳಿದ್ರ, ಡಬ್ಬಿ ನಂದ ಅಂತ ನಾನ ಒಪ್ಕೋತಿದ್ನಿ. ಸಮಿತಿಯವ್ರ ಮುಂದ ಕೈ ಮುಗದ, ಇನ್ನ ಮ್ಯಾಲ ಇಡೂದಿಲ್ರಿ ಅಂತ ಅಲ್ಲೇ ಮುಗಸ್ತಿದ್ನಿ. ನನಗ ಅದರಾಗ ಪಾಪ ಇಲ್ಲ. ನನ್ನ ಕೇಳದ ನನ್ನ ಹೆಸರ ಹಚ್ಚಿದ್ರಲ್ಲ..." ಗಾಜಿನ ಅದೇ ಜಾಗವನ್ನು ಮತ್ತೆ ಒರೆಸತೊಡಗಿದ. ಅಲ್ಲಿ ಏನೂ ಕಲೆ ಇರಲಿಲ್ಲ.

ಮನೆಗೆ ಬಂದಾಗ ರತ್ನಮಾಲಾ ಅಕ್ಕಿ ಆರಿಸುತ್ತಿದ್ದಳು.

"ಇಷ್ಟ ವರ್ಷ ಗೊತ್ತಿತ್ತ ಅಂದ್ರ ಯಾಕ ಕೇಳಲಿಲ್ಲ?" ಭೀಮಗೊಂಡ ಕೇಳಿದ.

"ನೀವ ಹೇಳ್ತೀರಿ ಅಂತ ಕಾದ್ನಿ," ಅಂದಳು. ಮೊರದಿಂದ ತಲೆ ಎತ್ತಲಿಲ್ಲ.

ಮರುದಿನ ಬಸದಿಗೆ ಹೋಗಿ, ಇನ್ನು ಜೇನು ಮುಟ್ಟುವುದಿಲ್ಲವೆಂದು ಭೀಮಗೊಂಡ ನಿಯಮ ತೆಗೆದುಕೊಂಡ. ಸತ್ಕಾರದ ಶಾಲನ್ನು ಎಲ್ಲಿಡಬೇಕೆಂದು ತಿಳಿಯದೆ, ಕಪಾಟಿನ ಮೇಲಿನ ಖಣದಲ್ಲಿ, ಡಬ್ಬಿ ಇರುತ್ತಿದ್ದ ಜಾಗದಲ್ಲಿ ಇಟ್ಟ.

ಮುಂಜಾನೆ ಎದ್ದು ಕಪಾಟಿನ ಬಾಗಿಲು ತೆಗೆದರೆ ಇರುವೆಗಳು ಬಂದಿದ್ದವು. ಸಾಲು ಹಚ್ಚಿ, ಕೋಟು ಹತ್ತಿ, ಶಾಲಿನ ಸುತ್ತ ತಿರುಗುತ್ತಿದ್ದವು. ಅಡಿಗೆಮನೆಯಲ್ಲಿ ರತ್ನಮಾಲಾಳ ಬಳೆಯ ಸದ್ದು ಕೇಳಿತು. ಭೀಮಗೊಂಡ ತಾನೇ ಹೋಗಿ ಮೆತ್ತನೆಯ ಕಸಬರಿಗೆ ತಂದ. ಸಾಲಿನ ಮುಂದೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದ:

"ಇಲ್ರವ್ವಾ. ಎಲ್ಲಾ ಮುಗೀತು. ಖರೇನ ಹೇಳಾಕತ್ತೇನಿ."

ಅವೂ ನಂಬಲಿಲ್ಲ.